ಇ ಎಂಬ ಶಕುಂತಲೆ

ಕಡೂರು ಭಾವನವರ ಕಿರಿಮಗನ ಮದುವೆಯ ಕರೆಯೋಲೆ ಬಂದ ಸಂಜೆ ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿತು. ನಮ್ಮ ಮಗಳ ಮದುವೆಗೆ ಅವರು ಏನು ಮುಯ್ಯಿ ಮಾಡಿದ್ದರು? ನನ್ನವಳು ‘ಗೋಡೆ ಗಡಿಯಾರ’ ಎಂದಳು. ನಾನು ‘ಬೆಳ್ಳಿ ಲೋಟ’ ಎಂದೆ. ಕಡೂರಿನಲ್ಲಿರುವುದು ನನ್ನ ಒಡಹುಟ್ಟಿದ ಅಕ್ಕ ಎಂಬುದನ್ನು ಇಲ್ಲೇ ಹೇಳಿಬಿಟ್ಟರೆ, ಲೋಟ ನನಗೂ ಗಡಿಯಾರ ಅವಳಿಗೂ ಏಕೆ ನೆನಪಾಯಿತೆಂದು ಬಿಡಿಸಿ ಹೇಳುವ ಕೆಲಸ ತಪ್ಪುತ್ತದೆ.

ಉಡುಗೊರೆಗೆ ಉಡುಗೊರೆ ಕೊಡುವುದಕ್ಕೂ ಸೇಡು ತೀರಿಸಿಕೊಳ್ಳುವುದಕ್ಕೂ ಮುಯ್ಯಿ ಎಂಬ ಒಂದೇ ಮಾತನ್ನು ಇಟ್ಟುಕೊಂಡವರು ನಾವು. ಲೆಕ್ಕ ತಪ್ಪಿದರೆ ಮೊದಲನೆಯದು ಎರಡನೆಯದಾಗಲು ಹೆಚ್ಚು ಹೊತ್ತು ಬೇಡ. ಅದಕ್ಕೇ ಮದುವೆಮನೆಯಲ್ಲಿ ಮುಯ್ಯಿ ಬರೆಯಲು ಅಕ್ಷರ ದುಂಡಗಿರುವ, ಬಾಯಿ ಬಿಗಿಯಾಗಿರುವ ಒಬ್ಬರನ್ನು ಹುಡುಕಿ ಕೂರಿಸುವುದು. ನಾವೂ ಹಾಗೇ ಬರೆಸಿದ್ದೆವು. ಆದರೆ ಮನೆ ಬದಲಾಯಿಸುವಾಗ ಆ ಪುಸ್ತಕ ಹಳೇ ಪೇಪರಿನವನ ತಕ್ಕಡಿ ಏರಿತು. ಉಳಿದ ಸಾಕ್ಷಿಯೆಂದರೆ 2009ರಲ್ಲಿ ವಿಡಿಯೊದವನು ಕೊಟ್ಟಿದ್ದ ಮೂರು ಡಿವಿಡಿ.

ಮೂರರಲ್ಲಿ ಮೊದಲನೆಯದು ಮಹಡಿಯ ಮೇಲಿತ್ತು. ಪಾರಿವಾಳ ಓಡಿಸಲು ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಪೋಣಿಸಿ ಕಟ್ಟಿದಾಗ ನಾಂದಿ, ವರಪೂಜೆಗಳೂ ಅದರಲ್ಲಿ ಸೇರಿಹೋಗಿದ್ದವು. ಬಿಸಿಲಲ್ಲಿ ತಿರುಗಿ ತಿರುಗಿ ವರಪೂಜೆ ಬಿಳಿಚಿಕೊಂಡಿತ್ತು. ಪಾರಿವಾಳಗಳು ಅದರ ಕೆಳಗೇ ಸಂಸಾರ ಹೂಡಿದ್ದವು. ಪುಣ್ಯಕ್ಕೆ ಆರತಕ್ಷತೆ ಮೂರನೆಯದರಲ್ಲಿತ್ತು, ಅದು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಕ್ಷೇಮವಾಗಿತ್ತು.

ಕಂಪ್ಯೂಟರ್ ಹಾಕಿ ಡ್ರೈವಿನ ಗುಂಡಿ ಒತ್ತಿದೆ. ತಟ್ಟೆ ಹೊರಗೆ ಬಂದು ಮಂಗಳಾರತಿ ತಟ್ಟೆಯ ಹಾಗೆ ಎದುರಿಗೆ ನಿಂತಿತು, ಇಟ್ಟದ್ದನ್ನು ತೆಗೆದುಕೊಂಡು ಒಳಗೆ ಹೋಯಿತು. ಆಮೇಲೆ ಪ್ರಸಾದವೂ ಇಲ್ಲ, ತೀರ್ಥವೂ ಇಲ್ಲ. ‘ಮೈ ಕಂಪ್ಯೂಟರ್’ ತೆರೆದು ನೋಡಿದರೆ ಸಿ ಇದೆ, ಡಿ ಇದೆ, ಇ ಇಲ್ಲ. ಈಗತಾನೇ ನನ್ನ ಕಣ್ಣೆದುರೇ ಮಗಳ ಆರತಕ್ಷತೆಯನ್ನು ನುಂಗಿದ ಡ್ರೈವನ್ನು ಕಂಪ್ಯೂಟರು, ಅಂಥವರು ಯಾರೂ ಇಲ್ಲಿಲ್ಲ ಎನ್ನುತ್ತಿತ್ತು.

ಮೂರು ಸಲ ಆರಿಸಿ ಹಾಕಿದೆ. ಪುಣೆಯಲ್ಲಿರುವ ಮಗಳಿಗೆ ಫೋನ್ ಮಾಡಿದರೆ, “ಅಪ್ಪಾ, ಈಗ ಯಾರಪ್ಪ ಡಿವಿಡಿ ನೋಡ್ತಾರೆ? ನನ್ನ ಲ್ಯಾಪ್‌ಟಾಪಲ್ಲಿ ಅದನ್ನ ಹಾಕೋ ಬಾಯೇ ಇಲ್ಲ” ಎಂದಳು. ಕೊನೆಗೆ ಪಕ್ಕದ ಮನೆಯ ಹುಡುಗನನ್ನು ಕರೆದೆ. ಅವನು ಎಂಜಿನಿಯರಿಂಗ್ ಓದುತ್ತಿದ್ದಾನೆ. ಯಾವ ಎಂಜಿನಿಯರಿಂಗ್ ಎಂದು ನಮ್ಮ ಬೀದಿಯಲ್ಲಿ ಯಾರೂ ಕೇಳುವುದಿಲ್ಲ, ಮಿಕ್ಸಿಯಿಂದ ಹಿಡಿದು ಮೊಬೈಲಿನವರೆಗೆ ಎಲ್ಲಕ್ಕೂ ಅವನೇ.

“ತಟ್ಟೆ ಸರಿಯಾಗಿ ಬರುತ್ತಲ್ಲಪ್ಪ?” ಎಂದೆ.

“ತಟ್ಟೆ ಬರುತ್ತೆ ಅಂದ್ರೆ ಕರೆಂಟ್ ಹೋಗ್ತಿದೆ ಅಂತ ಅಷ್ಟೇ ಅಂಕಲ್. ಮಾತಾಡೋ ವೈರ್ ಬೇರೆ.”

ಡಬ್ಬಿಯ ಬೆನ್ನು ಬಿಚ್ಚಿ ತೋರಿಸಿದ. ಡ್ರೈವಿಗೆ ಎರಡು ತಂತಿ ಬರುತ್ತವೆ. 15 ಪಿನ್ನಿನ ಅಗಲದ್ದು ವಿದ್ಯುತ್ತಿಗೆ, 7 ಪಿನ್ನಿನ ಪುಟ್ಟದ್ದು ಮಾಹಿತಿಗೆ. ಎರಡನೆಯದು ಸಡಿಲವಾದರೆ ಡ್ರೈವು ಕರೆದಾಗ ಬರುತ್ತದೆ, ಹೋಗುತ್ತದೆ, ದೀಪ ಮಿಟುಕಿಸುತ್ತದೆ, ಆದರೆ ಮನೆಯವರ ಜೊತೆ ಮಾತಿಲ್ಲ. ಹೊತ್ತುಹೊತ್ತಿಗೆ ಉಂಡು ಸುಮ್ಮನೆ ಕೋಣೆ ಸೇರುವವರು ಯಾರ ಮನೆಯಲ್ಲಿಲ್ಲ? ನನ್ನ ಹಿಂದಿನ ಕಂಪ್ಯೂಟರಿನಲ್ಲಿ ಇನ್ನೂ ಕಷ್ಟವಿತ್ತು. 40 ಪಿನ್ನಿನ ಚಪ್ಪಟೆ ಪಟ್ಟಿಯೊಂದಕ್ಕೆ ಇಬ್ಬರನ್ನು ಕಟ್ಟಿ, ಒಬ್ಬನನ್ನು ಮಾಸ್ಟರ್, ಇನ್ನೊಬ್ಬನನ್ನು ಸ್ಲೇವ್ ಎಂದು ಮೊದಲೇ ತೀರ್ಮಾನಿಸಬೇಕಿತ್ತು. ಇಬ್ಬರೂ ಯಜಮಾನರಾದರೆ ಇಬ್ಬರೂ ಕಾಣಿಸದೆ ಹೋಗುವುದುಂಟು. ಒಟ್ಟು ಕುಟುಂಬದಲ್ಲಿ ಬೆಳೆದ ನನಗೆ ಇದು ಹೊಸದೆನ್ನಿಸಿರಲಿಲ್ಲ.

ಡಬ್ಬಿಯೊಳಗೆ ದೂಳಿನ ಜೊತೆಗೆ ಕುಂಕುಮವೂ ಇತ್ತು, ಒಣಗಿದ ಸೇವಂತಿಗೆ ಎಸಳೂ ಇತ್ತು. “ಆಯುಧಪೂಜೆ ದಿನ ಊದುಬತ್ತಿ ಎಲ್ಲಿ ಸಿಕ್ಕಿಸಿದ್ರಿ ಅಂಕಲ್?” ಎಂದ ಹುಡುಗ. ಡ್ರೈವಿನ ಮುಖದ ಮೇಲೆ ತಟ್ಟೆ ಸಿಕ್ಕಿಕೊಂಡಾಗ ಗುಂಡುಪಿನ್ನೋ ಪೇಪರ್ ಕ್ಲಿಪ್ಪಿನ ತುದಿಯೋ ಚುಚ್ಚಿ ತೆರೆಯಲೆಂದು ಒಂದು ಸಣ್ಣ ತೂತು ಇರುತ್ತದೆ. ನಾನು ಅದನ್ನು ಇದಕ್ಕೇ ಮಾಡಿದ್ದೆಂದುಕೊಂಡು ಊದುಬತ್ತಿ ಸಿಕ್ಕಿಸಿದ್ದೆ. ಉತ್ತರ ಹೇಳದೆ ಕಾಫಿಗೆ ಹೇಳಿದೆ.

ತಂತಿ ಕಿತ್ತು ಮತ್ತೆ ಗಟ್ಟಿಯಾಗಿ ಸಿಕ್ಕಿಸಿ, ಕಂಪ್ಯೂಟರ್ ಎದ್ದೇಳುವಾಗಲೇ ಒಂದು ಕೀಲಿ ಒತ್ತಿ ಬಯೋಸ್ ಎಂಬ ನೀಲಿ ಪರದೆ ತೆರೆದ. ಅಲ್ಲಿ ಡ್ರೈವಿನ ಹೆಸರು ಸ್ಪಷ್ಟವಾಗಿ ಇತ್ತು. ವಿಂಡೋಸ್ ಬಂದ ಮೇಲೆ ಮಾತ್ರ ಮತ್ತೆ ಮಾಯ. ಅಂದರೆ ಮದರ್‌ಬೋರ್ಡಿಗೆ ಗುರುತಿದೆ, ಮೇಲೆ ಕೂತ ದೊರೆಗೆ ನೆನಪಿಲ್ಲ. ಆಸ್ಥಾನದಲ್ಲಿ ನಿಂತ ಶಕುಂತಲೆಯನ್ನು ದುಷ್ಯಂತ ಯಾರೀಕೆ ಎಂದು ಕೇಳಿದ ಹಾಗೆ.

ದುಷ್ಯಂತನ ಮರೆವಿಗೆ ದೂರ್ವಾಸರು ಕಾರಣರಾದರೆ ಇಲ್ಲಿ ಯಾರು? ಹುಡುಗ ಡಿವೈಸ್ ಮ್ಯಾನೇಜರ್ ತೆರೆದ. ಡ್ರೈವಿನ ಹೆಸರಿನ ಪಕ್ಕ ಹಳದಿ ತ್ರಿಕೋನ, ಒಳಗೆ ‘ಕೋಡ್ 39’. ಚಾಲಕ ತಂತ್ರಾಂಶ ಕೆಟ್ಟಿದೆ, ಇಲ್ಲವೇ ಕಾಣೆಯಾಗಿದೆ ಎಂದು ಅದರ ಅರ್ಥವಂತೆ.

“ಇತ್ತೀಚೆಗೆ ಏನಾದ್ರೂ ತೆಗೆದುಹಾಕಿದ್ರಾ ಅಂಕಲ್?”

ತೆಗೆದಿದ್ದೆ. ಸಿ.ಡಿ. ಬರೆಯುವ ತಂತ್ರಾಂಶವೊಂದು ದಿನಾ ಬೆಳಿಗ್ಗೆ ದುಡ್ಡು ಕಟ್ಟಿ ಎಂದು ಪೀಡಿಸುತ್ತಿತ್ತು. ಕಿತ್ತುಹಾಕಿ ನೆಮ್ಮದಿಯಾಗಿದ್ದೆ. ದೂರ್ವಾಸ ನಾನೇ.

ಅಂಥ ತಂತ್ರಾಂಶಗಳು ಬಂದು ಕೂರುವಾಗ, ಡ್ರೈವಿಗೆ ಹೋಗುವ ಮಾತೆಲ್ಲ ನನ್ನ ಮೂಲಕವೇ ಹೋಗಲಿ ಎಂದು ವಿಂಡೋಸಿನ ರಿಜಿಸ್ಟ್ರಿಯಲ್ಲಿ ಹೆಸರು ಬರೆಸಿಕೊಳ್ಳುತ್ತವಂತೆ. ಅದಕ್ಕೆ ಅಪ್ಪರ್ ಫಿಲ್ಟರ್, ಲೋಯರ್ ಫಿಲ್ಟರ್ ಎಂದು ಎರಡು ಕಾಲಂ. ಕೆಲವು ಹೋಗುವಾಗ ಹೆಸರು ಅಳಿಸದೆ ಹೋಗುತ್ತವೆ. ಆಮೇಲೆ ವಿಂಡೋಸ್ ಪ್ರತಿ ಬೆಳಿಗ್ಗೆ ಆ ಹೆಸರನ್ನು ಕೂಗುತ್ತದೆ, ಓ ಎನ್ನುವವರಿಲ್ಲ, ಇವರಿಲ್ಲದೆ ಡ್ರೈವನ್ನು ಒಳಗೆ ಬಿಡುವಂತಿಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ದುಡಿದ ನನಗೆ ಇದು ತಕ್ಷಣ ಅರ್ಥವಾಯಿತು. ಹೆಡ್ ಕ್ಲರ್ಕ್ ನಿವೃತ್ತರಾಗಿ ಎಂಟು ತಿಂಗಳಾದರೂ ಕಡತಗಳ ಮೇಲೆ ‘ಹೆಡ್ ಕ್ಲರ್ಕರ ಮೂಲಕ’ ಎಂದೇ ಬರೆದು, ಅವರ ಖಾಲಿ ಮೇಜಿನ ಮೇಲೆ ಕಡತ ಪೇರಿಸಿದ ಪೈಕಿ ನಾನು.

ಹುಡುಗ ‘ರೆಜೆಡಿಟ್’ ಎಂದು ಟೈಪ್ ಮಾಡಿ ಪಾತಾಳಕ್ಕಿಳಿದ. ಒಂದರೊಳಗೊಂದು ಹಳದಿ ಫೋಲ್ಡರು, ಕೊನೆಗೆ 4ಡಿ36ಇ965 ಎಂದು ಶುರುವಾಗಿ ಎರಡು ಉಸಿರಿಗೆ ಮುಗಿಯುವ ಒಂದು ಸಂಖ್ಯೆ. ಅಳಿಸುವ ಮುಂಚೆ ಅದರ ನಕಲು ತೆಗೆದಿಟ್ಟುಕೊಂಡ. “ಇಲ್ಲಿ ತಪ್ಪಾದ್ರೆ ಡ್ರೈವ್ ಅಲ್ಲ, ಕಂಪ್ಯೂಟರೇ ಎದ್ದೇಳಲ್ಲ ಅಂಕಲ್.” ನನ್ನವಳು ದೇವರ ಕೋಣೆಯ ಕಡೆ ನೋಡಿದಳು. ಎರಡು ಸಾಲು ಅಳಿಸಿ, ಆರಿಸಿ ಹಾಕಿದ. ಸಿ, ಡಿ, ಇ! ಮೀನಿನ ಹೊಟ್ಟೆಯಿಂದ ಉಂಗುರ ಸಿಕ್ಕಿತ್ತು.

ಆದರೂ ಡಿವಿಡಿ ಗುರ್ ಎಂದು ಸುತ್ತಿ ಸುತ್ತಿ ನಿಂತಿತು. ತೆಗೆದು ನೋಡಿದರೆ ಹೊಳೆಯುವ ಬದಿಗೆ ಬೆರಳಚ್ಚು, ಮೇಲೊಂದು ಎಣ್ಣೆಯ ಕಲೆ. ನಾನು ಪಂಚೆಯ ತುದಿಯಿಂದ ಗುಂಡಗೆ ಒರೆಸಹೊರಟೆ, ಹುಡುಗ ಕೈ ಹಿಡಿದ. ಗುಂಡಗೆ ಒರೆಸಬಾರದಂತೆ, ಸೈಕಲ್ ಕಡ್ಡಿಗಳ ಹಾಗೆ ನಡುವಿನಿಂದ ಅಂಚಿಗೆ ನೇರ ಒರೆಸಬೇಕಂತೆ. ಏಕೆಂದು ನನ್ನವಳಿಗೆ ಅರ್ಥವಾದದ್ದು ಚಕ್ಕುಲಿಯಿಂದ. ಗ್ರಾಮಫೋನ್ ತಟ್ಟೆಯ ಮುಳ್ಳು ಅಂಚಿನಿಂದ ನಡುವಿಗೆ ಬರುತ್ತಿತ್ತು. ಸಿ.ಡಿ., ಡಿವಿಡಿಗಳಲ್ಲಿ ಬರಹ ಚಕ್ಕುಲಿಯಂತೆ ನಡುವೆ ಶುರುವಾಗಿ ಹೊರಕ್ಕೆ ಸುತ್ತುತ್ತದೆ. ಸುತ್ತಿನಿಂದ ಸುತ್ತಿಗೆ ಕೂದಲೆಳೆಯ ನೂರರಲ್ಲೊಂದು ಪಾಲಿನಷ್ಟು ಅಂತರ. ಡಿವಿಡಿಯ ಚಕ್ಕುಲಿಯನ್ನು ಬಿಡಿಸಿ ಉದ್ದಕ್ಕೆ ಎಳೆದರೆ 11 ಕಿಲೋಮೀಟರಿಗೂ ಹೆಚ್ಚಾಗುತ್ತದೆ. ಅಡ್ಡಗೀರು ಬಿದ್ದರೆ ಪ್ರತಿ ಸುತ್ತಿನಲ್ಲಿ ಒಂದು ಚೂರು ಹೋಗುತ್ತದೆ, ಅದನ್ನು ಡ್ರೈವು ಲೆಕ್ಕ ಹಾಕಿ ತುಂಬಿಕೊಳ್ಳಬಲ್ಲದು. ಸುತ್ತಿನ ಗುಂಟವೇ ಗೀರು ಬಿದ್ದರೆ ಒಂದೇ ಕಡೆ ಉದ್ದಕ್ಕೆ ಅಳಿಸಿಹೋಗುತ್ತದೆ. “ಅಲ್ಲಲ್ಲಿ ಎಳೆ ಬಿಟ್ಟರೆ ಚಕ್ಕುಲಿ, ಇಡೀ ಸುತ್ತೇ ಹೋದರೆ ಪುಡಿ” ಎಂದಳು ಅವಳು.

ಕನ್ನಡಕದ ಮೆತ್ತನೆ ಬಟ್ಟೆಯಿಂದ ಅವಳೇ ಒರೆಸಿದಳು. ನಾದಸ್ವರ ಮೊಳಗಿತು.

ಆರತಕ್ಷತೆಯ ಸಾಲು ಸರಿಯತೊಡಗಿತು. ಡ್ರೈವು ಡಿವಿಡಿಯನ್ನು ಗುರುತು ಹಿಡಿದಿತ್ತು, ನಮ್ಮ ಸರದಿ ಈಗ. “ಇವರು ಯಾರ್ರೀ?” “ನಿನ್ನ ಕಡೆಯವರು.” “ನಮ್ಮ ಕಡೆ ಯಾರೂ ಸಫಾರಿ ಹಾಕಲ್ಲ, ನಿಮ್ಮ ಕಡೆಯವರೇ.” ಸಫಾರಿಯವರು ಊಟದ ಪಂಕ್ತಿಯಲ್ಲೂ ಎರಡು ಸಲ ಕಂಡರು. ಹುಡುಗ ಬಾಗಿ, “ಇವರ್ಯಾರು ಅಂಕಲ್, ಕಪ್ಪು ಕೂದಲು, ದಪ್ಪ ಮೀಸೆ?” ಎಂದ. ನನ್ನವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರೆಂದು ನಾನೂ ಒಂದು ಗಳಿಗೆ ನೋಡಿದೆ. ನಾನೇ.

ಅಷ್ಟರಲ್ಲಿ ಕಡೂರು ಭಾವ ವೇದಿಕೆ ಹತ್ತಿದರು. ಬಗಲಿನಿಂದ ಮಿಂಚಿನ ಕಾಗದದ ಪೊಟ್ಟಣ ತೆಗೆದರು. ನಾವಿಬ್ಬರೂ ಮುಂದಕ್ಕೆ ಬಾಗಿದೆವು. ಭಾವನವರ ಕೈ ಅಳಿಯನ ಕಡೆ ಚಾಚುತ್ತಿದ್ದಂತೆಯೇ ಪರದೆ ಹದಿನಾರು ಚೂರಾಗಿ, ಚೂರುಗಳೆಲ್ಲ ಮಡಚಿ ತಾವರೆಯಾಗಿ, ತಾವರೆ ತಿರುಗಿ ಹೃದಯವಾಗಿ, ಹೃದಯದೊಳಗಿಂದ ಗುಲಾಬಿ ಪಕಳೆಗಳ ಮಳೆ ಸುರಿಯಿತು. ಮಳೆ ನಿಂತಾಗ ಭಾವ ಮೆಟ್ಟಿಲಿಳಿದಿದ್ದರು. ಹಿಂದಕ್ಕೆ ಓಡಿಸಿ ನಾಲ್ಕು ಸಲ ನೋಡಿದೆವು. ನಾಲ್ಕು ಸಲವೂ ತಾವರೆ.

“ಪೊಟ್ಟಣ ಚಪ್ಪಟೆಯಾಗಿತ್ತು. ಗಡಿಯಾರವೇ.”

“ಲೋಟವನ್ನು ಮಲಗಿಸಿ ಕಟ್ಟಿದರೆ ಚಪ್ಪಟೆಯಾಗೇ ಕಾಣುತ್ತೆ.”

ಐದನೆಯ ಸಲ ಅವಳು ಸುಮ್ಮನಾದಳು. ಅವಳ ಕಣ್ಣು ಪೊಟ್ಟಣದ ಮೇಲಿರಲಿಲ್ಲ. ಪರದೆಯ ಎಡಮೂಲೆಯಲ್ಲಿ, ವೇದಿಕೆಯ ಹಿಂದೆ ಮಡಿಚುವ ಕುರ್ಚಿಯೊಂದರಲ್ಲಿ ಅವಳೇ ಕೂತಿದ್ದಳು, ರೇಷ್ಮೆ ಸೀರೆಯಲ್ಲಿ, ಸುಸ್ತಾಗಿ. ಪಕ್ಕದಲ್ಲಿ ನನ್ನ ಅಕ್ಕ ನಿಂತು, ಅವಳ ಹೆಗಲ ಮೇಲೆ ಒಂದು ಕೈಯಿಟ್ಟು, ಇನ್ನೊಂದರಲ್ಲಿ ಸ್ಟೀಲ್ ಲೋಟ ಹಿಡಿದು ಕುಡಿ ಕುಡಿ ಎನ್ನುತ್ತಿದ್ದಳು.

“ಬೆಳಿಗ್ಗೆಯಿಂದ ಒಂದು ತೊಟ್ಟು ಕಾಫಿಯೂ ಕುಡಿದಿರಲಿಲ್ಲ ಕಣ್ರೀ ಅವತ್ತು. ಅತ್ತಿಗೆ ಒಬ್ಬರೇ ನೋಡಿದ್ದು.” ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: “ಬೆಳ್ಳಿ ಲೋಟಾನೇ ಕೊಡೋಣ ಬಿಡಿ.”

ಅಂತೂ ನನ್ನ ಮಾತೇ ಗೆದ್ದಿತು ಎಂದೆ. ಲೋಟವಂತೂ ಕೊಟ್ಟಿದ್ದರಲ್ಲ. ಅವಳು ಉತ್ತರ ಕೊಡದೆ ಡಿವಿಡಿಯನ್ನು ಅಂಚು ಹಿಡಿದು ತೆಗೆದು, ಸೀರೆಗಳ ನಡುವೆ ಇಡಲು ಹೋದಳು. ಹುಡುಗ ಕಾಫಿ ಮುಗಿಸಿ, ಮಹಡಿಯಲ್ಲಿರುವ ವರಪೂಜೆಯನ್ನೂ ಒಂದು ಸಲ ಒರೆಸಿ ನೋಡೋಣವೇ ಎಂದು ಕೇಳಿದ. ಬೇಡ ಎಂದೆ. ಅಲ್ಲಿ ಪಾರಿವಾಳ ಮೊಟ್ಟೆಯಿಟ್ಟಿದೆ.