ಅಮಲಿಲ್ಲದವರು ಕಟ್ಟಿದ ಅಮಲಿನ ಹಾಡು

ಸೈಕಡೆಲಿಕ್ ಶೈಲಿಯ ಚಿತ್ರಗೀತೆಯೆಂದರೆ ಕೇಳುಗನಿಗೆ ಒಂದು ಗುಟುಕನ್ನೂ ಕುಡಿಸದೆ ಕುಡಿದಂತೆ ಮಾಡುವ ಹಾಡು. ಗಿಟಾರು ನೀರಿನಲ್ಲಿ ಮುಳುಗೆದ್ದಂತೆ ನುಡಿಯಬೇಕು, ಹಾಡುವ ಕೊರಳು ಬಾವಿಯೊಳಗಿಂದ ಬರಬೇಕು, ಪದಗಳಿಗೆ ಅರ್ಥವಿದೆಯೆಂಬ ಅನುಮಾನ ಹುಟ್ಟಬೇಕೇ ಹೊರತು ಖಾತ್ರಿಯಾಗಬಾರದು. 1966ರಲ್ಲಿ ಲಂಡನ್ನಿನಲ್ಲಿ ಬೀಟಲ್ಸ್ ತಂಡ ಧ್ವನಿಮುದ್ರಣದ ಟೇಪನ್ನು ಹಿಂದುಮುಂದಾಗಿ ಓಡಿಸಿ ಈ ಬಗೆಗೆ ದಾರಿ ಮಾಡಿತು. ಎರಡು ವರ್ಷ ಕಳೆದು ಅದೇ ತಂಡ ಹೃಷಿಕೇಶಕ್ಕೆ ಬಂದು ಧ್ಯಾನಕ್ಕೆ ಕೂತಿತು. 1971ರ ‘ಹರೇ ರಾಮ ಹರೇ ಕೃಷ್ಣ’ ಹಿಂದಿ ಚಿತ್ರಕ್ಕೆ ಆರ್.ಡಿ. ಬರ್ಮನ್ ಕಟ್ಟಿ ಆಶಾ ಭೋಸ್ಲೆ ಹಾಡಿದ ಗೀತೆಯಿಂದ ಚಿಲುಮೆಯ ಹೊಗೆ ಮದುವೆಮನೆಯ ಮೈಕಿನವರೆಗೂ ಹಬ್ಬಿತು. ಹಾಡಿನೊಳಗೆ ದೇವರ ಹೆಸರೂ ಇದ್ದುದರಿಂದ ಹಿರಿಯರು ಅದನ್ನು ಭಜನೆಯೆಂದು ತಿಳಿದಿದ್ದರೆ ತಪ್ಪೇನಿಲ್ಲ.

ಕನ್ನಡಕ್ಕೆ ಈ ಗುಂಗನ್ನು ತಂದವನು ಹಿಪ್ಪಿಯಲ್ಲ, ಸರ್ಕಾರಿ ಸಂಬಳದ ಪತ್ತೇದಾರ. ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ 1968ರಲ್ಲಿ ತೆರೆಕಂಡಿತು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದವು. ಪತ್ತೇದಾರನಿದ್ದ ಮೇಲೆ ಖಳನೊಬ್ಬ ಬೇಕು, ಖಳನಿಗೊಂದು ಅಡಗುತಾಣ, ಅಡಗುತಾಣಕ್ಕೊಂದು ಕ್ಲಬ್ಬು. ಕ್ಲಬ್ಬೆಂದರೆ ಹಾಡಿಲ್ಲದೆ ನಡೆಯದು. ಈ ಸರಣಿಗೆ ಸಂಗೀತ ಕೊಟ್ಟವರು ಜಿ.ಕೆ. ವೆಂಕಟೇಶ್. ನಾಯಕ ರಾಜಕುಮಾರ್. ಇಂಗ್ಲೆಂಡಿನ ಜೇಮ್ಸ್ ಬಾಂಡ್ ಮದ್ಯದ ಲೋಟ ಹಿಡಿದೇ ಮಾತಿಗೆ ಶುರುಮಾಡಿದರೆ, ಕನ್ನಡದ ಬಾಂಡ್ ತೆರೆಯ ಮೇಲೆ ಸಿಗರೇಟು, ಮದ್ಯಗಳಿಂದ ದೂರವಿದ್ದುದಕ್ಕೇ ಹೆಸರಾದ ನಟ. ಅಮಲಿನ ಹೊಣೆಯೆಲ್ಲ ವಾದ್ಯಗೋಷ್ಠಿಯ ಮೇಲೆ ಬಿತ್ತು.

ಹಾಡು ಬರೆಯುವ ಕೆಲಸ ಟ್ಯೂನ್ ಸಿದ್ಧವಾದ ಮೇಲಿನದು. ಸಂಗೀತ ನಿರ್ದೇಶಕ ಹಾರ್ಮೋನಿಯಂ ಮುಂದೆ ಕೂತು ‘ಲಲಲಾ’ ಎನ್ನುತ್ತಾನೆ, ಕವಿ ಆ ಅಳತೆಗೆ ಮಾತು ತುಂಬುತ್ತಾನೆ. ಪ್ರೇಮಗೀತೆಗೆ ‘ಜನಕ್ಕೆ ಅರ್ಥವಾಗೋ ಹಾಗೆ ಬರೀರಿ’ ಎನ್ನುವ ನಿರ್ಮಾಪಕ ಇಲ್ಲಿ ‘ಅರ್ಥ ಒಸಿ ಕಮ್ಮಿ ಮಾಡಿ ಸಾರ್’ ಎನ್ನಬೇಕಾಗುತ್ತದೆ. ಕನ್ನಡದ ಕವಿಗೆ ಇದು ಬಲು ಕಷ್ಟ. ಪ್ರಾಸ ಸಿಕ್ಕ ಕೂಡಲೇ ನೀತಿ ತಾನಾಗಿ ಒಳಗೆ ಬಂದು ಕೂರುತ್ತದೆ; ಎರಡನೆಯ ಚರಣದ ಹೊತ್ತಿಗೆ ಬಾಳು, ಸಂತೆ, ಬೊಂಬೆ ಎಲ್ಲ ಸೇರಿ ಕೇಳುಗ ಪೂರ್ತಿ ಎಚ್ಚರಗೊಳ್ಳುತ್ತಾನೆ.

ಪರಿಹಾರ ಕುಣಿಗಲ್ಲಿನಲ್ಲಿತ್ತು. ಹೊರಗಿನವರಿಗೆ ಈ ಊರೆಂದರೆ ಕುದುರೆ ಫಾರಂ, ಹಾಡುವವರಿಗೆ ಕೆರೆ. ಕುಣಿಗಲ್ ಕೆರೆಯ ಮೇಲಿನ ಪ್ರಸಿದ್ಧ ಜನಪದ ಗೀತೆಯಲ್ಲಿ ಚಂದ್ರ ಮೂಡುತ್ತಾನೆ, ಸಾಲು ಮುಗಿದಾಗಲೆಲ್ಲ ನಿಘಂಟಿಗೆ ಸಿಗದ ಒಂದು ಸೊಲ್ಲು ಮರಳಿ ಬರುತ್ತದೆ. ನೀರಿನ ಹರವನ್ನು ಬೆರಗಿನಿಂದ ನೋಡುತ್ತ ಅದೇ ಸೊಲ್ಲನ್ನು ಹತ್ತಾರು ಸಲ ಹಾಡಿದವನಿಗೆ ಎಲ್‌ಎಸ್‌ಡಿಯ ಖರ್ಚು ಉಳಿಯುತ್ತದೆ. ಹೀಗೆ ಅರ್ಥವನ್ನು ಸೊಲ್ಲಿನಲ್ಲಿ ಕರಗಿಸುವುದು ಜನಪದರಿಗೆ ಲಂಡನ್ನಿನವರಿಗಿಂತ ಬಹಳ ಮೊದಲೇ ಗೊತ್ತಿತ್ತು. ಅವರು ಅದನ್ನು ರಾಗಿ ಬೀಸುವಾಗ ಬಳಸುತ್ತಿದ್ದರು ಅನ್ನುವುದಷ್ಟೇ ವ್ಯತ್ಯಾಸ.

ಧ್ವನಿಮುದ್ರಣ ಬಹುಪಾಲು ಮದ್ರಾಸಿನಲ್ಲಿ. ಅಂದಿನ ಪದ್ಧತಿಯಲ್ಲಿ ಇಡೀ ವಾದ್ಯವೃಂದ ಒಂದೇ ಹಾಲಿನಲ್ಲಿ ಕೂರುತ್ತಿತ್ತು. ಗಾಯಕರೂ ಜೊತೆಗೇ ಹಾಡುತ್ತಿದ್ದರು. ಬಾಂಗೋ ಬಾರಿಸುವವನು ಒಂದು ಪೆಟ್ಟು ತಪ್ಪಿದರೆ ಪಿಟೀಲಿನವರು, ತುತ್ತೂರಿಯವರು, ಗಾಯಕರು ಎಲ್ಲರೂ ಮೊದಲಿಂದ ಶುರುಮಾಡಬೇಕು. ತಲೆ ತಿರುಗಿದಂತೆ ಕೇಳುವ ಹಾಡಿನಲ್ಲಿ ಯಾರೊಬ್ಬರ ತಲೆಯೂ ತಿರುಗುವಂತಿರಲಿಲ್ಲ. ತೂಕಡಿಸಿದಂತೆ ಕೇಳುವ ಆಲಾಪಕ್ಕೂ ಮಾತ್ರೆಗಳ ಲೆಕ್ಕವಿತ್ತು. ಲೆಕ್ಕ ತಪ್ಪಿದರೆ ಅಮಲಿನ ಬದಲು ಬರೀ ಗಲಾಟೆ ಕೇಳುತ್ತದೆ, ಸ್ಟುಡಿಯೋ ಬಾಡಿಗೆಯೂ ಏರುತ್ತದೆ.

ಈ ಶಿಸ್ತಿನ ಶಾಲೆಗಳಲ್ಲೊಂದು ಗುಬ್ಬಿಯದು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಹುಟ್ಟಿತು. ಗುಬ್ಬಿ ವೀರಣ್ಣನವರ ಕಾಲಕ್ಕೆ ‘ಕುರುಕ್ಷೇತ್ರ’ ನಾಟಕದ ರಂಗಕ್ಕೆ ಆನೆ, ಕುದುರೆಗಳೇ ಬಂದವು. ಬಣ್ಣದ ಪರದೆ, ಝಗ್ಗನೆ ಹತ್ತುವ ದೀಪ, ಹೊಗೆಯ ನಡುವೆ ಪ್ರತ್ಯಕ್ಷವಾಗುವ ದೇವರು: ಸ್ಯಾನ್ ಫ್ರಾನ್ಸಿಸ್ಕೋದ ಯುವಕರು ಮುಂದೆ ದುಡ್ಡು ಕೊಟ್ಟು ನೋಡಿದ್ದನ್ನು ತುಮಕೂರು ಸೀಮೆಯವರು ಆಗಲೇ ನೆಲದ ಟಿಕೆಟ್ಟಿನಲ್ಲಿ ಕೂತು ನೋಡಿ ಮುಗಿಸಿದ್ದರು. 1967ರಲ್ಲಿ ವಾ-ವಾ ಪೆಡಲ್ ಮಾರಾಟಕ್ಕೆ ಬಂದು, ಗಿಟಾರಿನವರು ಕಾಲಿನಿಂದ ದನಿ ತಿರುಚತೊಡಗಿದಾಗ ಜಗತ್ತು ಬೆರಗಾಯಿತು. ಕಾಲಿನಿಂದ ತಿದಿ ಒತ್ತಿ ರಾತ್ರಿಯಿಡೀ ಲೆಗ್ ಹಾರ್ಮೋನಿಯಂ ನುಡಿಸಿದ ಕಂಪನಿ ಮೇಷ್ಟ್ರುಗಳು ಬೆರಗಾಗಲು ಕಾರಣವಿರಲಿಲ್ಲ.

ರಾಜಕುಮಾರ್ ತಂದೆಯ ಜೊತೆ ಈ ಕಂಪನಿಯಲ್ಲಿ ಪಳಗಿದವರು. ಪರದೆಯ ಮೇಲೆ ಅವರಿಗೆ ಬಹುಕಾಲ ಪಿ.ಬಿ. ಶ್ರೀನಿವಾಸ್ ಹಾಡಿದರು, 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ವೆಂಕಟೇಶ್ ಸ್ವತಃ ರಾಜಕುಮಾರ್ ಅವರಿಂದಲೇ ಎಮ್ಮೆಯ ಹಾಡು ಹಾಡಿಸಿದ ಮೇಲೆ ಗಾಯನ ಅವರದೇ ಆಯಿತು. ನಾಲ್ಕು ವರ್ಷದ ತರುವಾಯ, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ, ಎಮ್ಮೆಯ ಮೇಲಿಂದ ಇಳಿದ ಅದೇ ಕಂಠ ಅದೇ ಸಂಗೀತ ನಿರ್ದೇಶಕರ ಕೈಯಲ್ಲಿ ಇಂಗ್ಲಿಷಿಗೆ ಏರಿತು. ಗಡಿಯಾರದ ಟಿಕ್ ಟಿಕ್ ಹಾಡಿನ ಜೀವಾಳ. ಇಂದು ಬರಬೇಕೇ, ನಾಳೆ ಬರಬೇಕೇ ಎಂಬುದೇ ಅದರ ವಸ್ತು. ಕಂಪನಿ ನಾಟಕದಲ್ಲಿ ಗದೆ ಹಿಡಿದ ಭೀಮ ಎದುರಾಳಿಗೆ ಗಡುವು ಕೊಡುವಾಗ ಇರುವ ಸ್ಪಷ್ಟತೆಯಲ್ಲೇ ಅವರು ನಲ್ಲೆಗೆ ಗಡುವು ಕೊಟ್ಟಿದ್ದಾರೆ. ಒಂದು ಅಕ್ಷರವೂ ನುಂಗಿಲ್ಲ. ಹೊರನಾಡಿನ ಗಾಯಕರು ಅಮಲಿನ ಹಾಡಿನಲ್ಲಿ ಅಕ್ಷರ ತೊದಲುತ್ತಾರೆ. ಗುಬ್ಬಿಯಲ್ಲಿ ತೊದಲಿದರೆ ಹಿಂದಿನ ಸಾಲಿನವರು ಕೂಗುತ್ತಿದ್ದರು.

ಸುಮಾರು ಅದೇ ಹೊತ್ತಿಗೆ ತುಮಕೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಶುರುವಾಯಿತು. ಹಾಡಿಗೂ ಕಾರ್ಖಾನೆಗೂ ಸಂಬಂಧವಿಲ್ಲ; ಆದರೂ ಊರಿಗೆ ಟಿಕ್ ಟಿಕ್ ಎರಡು ಕಡೆಯಿಂದ ಬಂತು. ಕಾರ್ಖಾನೆ 2016ರಲ್ಲಿ ಮುಚ್ಚಿತು. ಹಾಡು ಇನ್ನೂ ಆರ್ಕೆಸ್ಟ್ರಾಗಳಲ್ಲಿ ಚಾಲ್ತಿಯಲ್ಲಿದೆ.

ಗುಬ್ಬಿ ಕಂಪನಿಯಿಂದ ಹೊರಟ ಇನ್ನೊಂದು ದಾರಿ ಬಿ.ವಿ. ಕಾರಂತರದು. ಹುಡುಗನಾಗಿದ್ದಾಗ ಮನೆಬಿಟ್ಟು ಕಂಪನಿ ಸೇರಿದ ಅವರು ಮುಂದೆ ಕಲ್ಲು, ಬಿದಿರು, ತಗಡುಗಳಿಂದಲೂ ಸಂಗೀತ ಹೊರಡಿಸಿದರು. ‘ಋಷ್ಯಶೃಂಗ’, ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕೇಳುಗನನ್ನು ಬೇರೆ ಲೋಕಕ್ಕೆ ಒಯ್ಯಲು ದುಬಾರಿ ಯಂತ್ರ ಬೇಕೆಂಬ ಮಾತು ಅವರ ಮುಂದೆ ನಿಲ್ಲುವುದಿಲ್ಲ. ನಿಜವಾಗಿ ನೋಡಿದರೆ ಕ್ಲಬ್ ಹಾಡುಗಳಿಗಿಂತ ಅವರ ಸಂಗೀತವೇ ಹೆಚ್ಚು ಅಮಲಿನದು. ಅದಕ್ಕೆ ಯಾರೂ ಹಾಗೆನ್ನಲಿಲ್ಲ, ಏಕೆಂದರೆ ಅದು ಕಲಾತ್ಮಕ ಚಿತ್ರದಲ್ಲಿತ್ತು.

ಪವನ್ ಕುಮಾರ್ ಅವರ ‘ಲೂಸಿಯಾ’ 2013ರಲ್ಲಿ ಬಂತು. ಪ್ರೇಕ್ಷಕರೇ ದುಡ್ಡು ಹಾಕಿದ ಚಿತ್ರ. ನಿದ್ದೆಗೆಟ್ಟ ಟಾಕೀಸಿನ ಹುಡುಗ ಮಾತ್ರೆ ನುಂಗಿ ಬಯಸಿದ ಕನಸು ಕಾಣುವುದು ಕಥೆ; ಸಂಗೀತ ಪೂರ್ಣಚಂದ್ರ ತೇಜಸ್ವಿಯವರದು. ಇಲ್ಲಿ ಅಮಲು ಕಥೆಯೊಳಗೇ ಇದೆ, ಹಾಡು ಮಾತ್ರ ಹಳ್ಳಿಯ ಧಾಟಿಗೆ ಹೊರಳುತ್ತದೆ. ಅಷ್ಟರಲ್ಲಿ ಸ್ಟುಡಿಯೋ ಕಂಪ್ಯೂಟರೊಳಗೆ ಸೇರಿತ್ತು. ಟೇಪು ತಿರುಗಿಸುವ ಕೆಲಸ ಮೌಸಿನ ಒಂದು ಒತ್ತಿಗೆ ಇಳಿದಿತ್ತು, ಬಾಂಗೋದವನ ತಪ್ಪು ಅವನೊಬ್ಬನದೇ ಆಗಿತ್ತು.

ಆ ಹಳೆಯ ಹಾಡುಗಳಿಗೆ ಕೊನೆಯ ಹಂತ ಪ್ರದರ್ಶನ. ಮದ್ರಾಸಿನಲ್ಲಿ ಎಷ್ಟು ಎಚ್ಚರದಿಂದ ಪ್ರತಿಧ್ವನಿ ಬೆರೆಸಿದರೂ ಹಾಡು ಹೊರಡುತ್ತಿದ್ದದ್ದು ತಾಲ್ಲೂಕಿನ ಟೂರಿಂಗ್ ಟಾಕೀಸಿನ ಪರದೆಯ ಹಿಂದಿನ ಒಂದು ಹಾರ್ನಿನಿಂದ. ರೀಲು ತುಂಡಾದರೆ ಆಪರೇಟರ್ ಕತ್ತರಿಸಿ ಅಂಟಿಸುತ್ತಿದ್ದ; ಪಲ್ಲವಿಯ ಅರ್ಧಕ್ಕೇ ಖಳನ ಗುಂಡು ಹಾರಿ, ನಾಯಕಿ ಹಾಡುತ್ತಿದ್ದವಳು ಇದ್ದಕ್ಕಿದ್ದಂತೆ ಅಳುತ್ತಿದ್ದಳು. ಬೀಟಲ್ಸ್ ತಂಡ ತಿಂಗಳುಗಟ್ಟಲೆ ಟೇಪು ಕತ್ತರಿಸಿ ಸಾಧಿಸಿದ ಜಿಗಿತವನ್ನು ಆ ಆಪರೇಟರ್ ಇಂಟರ್‌ವಲ್ಲಿನ ಬೆಲ್ಲಿಗೆ ಮುಂಚೆ ಮುಗಿಸಿ, ಬೀಡಿ ಹಚ್ಚಲು ಹೊರಗೆ ಹೋಗುತ್ತಿದ್ದ.