ಇನ್‌ಬಾಕ್ಸಿನ ಹೊಸ ದಿವಾನಜಿಯೊಡನೆ ಒಂದು ಸಂದರ್ಶನ

ಇಳಕಲ್ಲಿನ ಸೀರೆ ಅಂಗಡಿಗಳಲ್ಲಿ ಲೆಕ್ಕ, ಉದ್ರಿ ಮತ್ತು ಪತ್ರವ್ಯವಹಾರಗಳನ್ನು ನೋಡಿಕೊಳ್ಳುವವರನ್ನು ದಿವಾನಜಿ ಎಂದು ಕರೆಯುವ ರೂಢಿಯಿದ್ದು, ಬಂದ ಕಾಗದಗಳಲ್ಲಿ ಯಾವುದು ಗಾದಿಯ ಮೇಲೆ ಕುಳಿತ ಮಾಲೀಕರ ಕೈಗೆ ಹೋಗಬೇಕು, ಯಾವುದು ತಂತಿಗೆ ಸಿಕ್ಕಿಸಲ್ಪಟ್ಟು ಅಲ್ಲಿಯೇ ಧೂಳು ತಿನ್ನಬೇಕು ಎಂಬ ನಿರ್ಣಯವೂ ಬಹುಕಾಲ ಅವರದೇ ಆಗಿತ್ತು. ಈ ಅಧಿಕಾರದ ದೊಡ್ಡ ಪಾಲು ಈಗ ಇ-ಮೇಲ್ ಸಹಾಯಕ ತಂತ್ರಾಂಶಕ್ಕೆ, ಅಂದರೆ ಬಂದ ಪತ್ರಗಳನ್ನು ಓದಿ, ವಿಂಗಡಿಸಿ, ಸಾರಾಂಶ ಬರೆದು, ಉತ್ತರದ ಕರಡನ್ನೂ ಸಿದ್ಧಪಡಿಸುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗೆ, ವರ್ಗವಾಗುತ್ತಿದೆ. ಅಂಥದೊಂದು ತಂತ್ರಾಂಶವನ್ನು ಕಾಲ್ಪನಿಕವಾದ ಒಂದು ಅಂಗಡಿಯಲ್ಲಿ ಕೂರಿಸಿ ನಡೆಸಿದ ಸಂದರ್ಶನದ ನಡಾವಳಿ ಇಲ್ಲಿದೆ. ತಂತ್ರಾಂಶಕ್ಕೆ ಚಹಾ ವರ್ಜ್ಯವಾದ್ದರಿಂದ ಅದರ ಪಾಲಿನದನ್ನೂ ದಿವಾನಜಿಯವರೇ ಕುಡಿದರು.

ಮನೆತನದ ಬಗೆಗೆ ಕೇಳಿದಾಗ ತಂತ್ರಾಂಶವು ಹೆಮ್ಮೆಯಿಂದಲೇ ಉತ್ತರಿಸಿತು. 1971ರಲ್ಲಿ ರೇ ಟಾಮ್ಲಿನ್‌ಸನ್ ಜಾಲದ ಮೂಲಕ ಒಂದು ಗಣಕದಿಂದ ಇನ್ನೊಂದಕ್ಕೆ ಪತ್ರ ಕಳಿಸಿದ್ದು ಮೂಲಪುರುಷರ ಕಥೆಯಾದರೆ, 1978ರಲ್ಲಿ ಗ್ಯಾರಿ ಥುರ್ಕ್ ಎಂಬ ಮಾರಾಟಗಾರ ಸುಮಾರು 400 ಜನರಿಗೆ, ಯಾರೂ ಕೇಳದಿದ್ದರೂ, ಗಣಕಯಂತ್ರದ ಜಾಹೀರಾತನ್ನು ಒಮ್ಮೆಗೇ ಕಳಿಸಿದ್ದು ಅನ್ನದಾತರ ಕಥೆಯೆಂದೂ, ಸ್ಪ್ಯಾಮ್ ಎಂಬ ಬೇಡದ ಪತ್ರಗಳ ಆ ಆದಿಪುರುಷ ಇಲ್ಲದಿದ್ದರೆ ವಿಂಗಡಣೆಯ ಉದ್ಯೋಗವೇ ಹುಟ್ಟುತ್ತಿರಲಿಲ್ಲವೆಂದೂ ಅದು ವಿವರಿಸಿತು.

ಹಾಗಾದರೆ ಮುಖ್ಯವಾದುದನ್ನು ಗುರುತಿಸುವ ಬಗೆ ಯಾವುದು ಎಂದು ಸಂದರ್ಶಕರು ಕೇಳಿದರು. ಕಳಿಸಿದವರೊಡನೆ ಮೊದಲು ವ್ಯವಹಾರವಾಗಿದೆಯೇ, ಅವರ ಪತ್ರಗಳನ್ನು ಮಾಲೀಕರು ತೆರೆಯುತ್ತಾರೆಯೇ, ವಿಷಯದ ಸಾಲು ಇದೆಯೇ, ಕೊನೆಯ ದಿನಾಂಕದ ಮಾತಿದೆಯೇ ಎಂಬ ಲಕ್ಷಣಗಳನ್ನು ಕೂಡಿಸಿ ಅಂದಾಜು ಕಟ್ಟಲಾಗುತ್ತದೆ ಎಂಬ ಉತ್ತರ ಬಂದಿತು. ಆಗ ದಿವಾನಜಿಯವರು ಸ್ಪ್ಯಾಮ್ ಪೆಟ್ಟಿಗೆಯಲ್ಲಿ 9 ದಿನ ಬಿದ್ದಿದ್ದ ಪತ್ರವೊಂದನ್ನು ತೆರೆದು ತೋರಿಸಿದರು. ಅದರಲ್ಲಿ ವಂದನೆಯಿಲ್ಲ, ಹೆಸರಿಲ್ಲ, ವಿಷಯದ ಸಾಲೂ ಇಲ್ಲ, ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡದ ಒಂದೇ ಸಾಲು: “ಗೋಮಿ ದಡಿ, ತೋಪ ತೆನಿ ಸೆರಗ, 40 ಬೇಕ್ರಿ, ಪಂಚಮಿ ಒಳಗ.”

ಅಪರಿಚಿತ ವಿಳಾಸ, ಅನಾಮಧೇಯತೆ, ಅವಸರ, ಬರಿಯ ಒಂದು ಸಂಖ್ಯೆ: ವಂಚನೆಯ ಸಕಲ ಲಕ್ಷಣಗಳೂ ಈ ಪತ್ರದಲ್ಲಿವೆ ಎಂದು ತಂತ್ರಾಂಶವು ಸಮರ್ಥಿಸಿಕೊಂಡಿತು. ಗೋಮಿ ಎಂಬುದು ದಡಿಯ, ಎಂದರೆ ಅಂಚಿನ, ಒಂದು ವಿನ್ಯಾಸವೆಂದೂ, ತೋಪ ತೆನಿ ಎಂಬುದು ಇಳಕಲ್ ಸೀರೆಗೆ ಹೆಸರು ತಂದ ರೇಷ್ಮೆ ಸೆರಗಿನ ಮಾದರಿಯೆಂದೂ ಅದಕ್ಕೆ ತಿಳಿಸಿಕೊಡಬೇಕಾಯಿತು. ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹಾಸು ಎಂದರೆ ಮಗ್ಗದ ಉದ್ದಕ್ಕೂ ಎಳೆದು ಕಟ್ಟುವ ನೂಲು. ಇವೆರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸುವ ಕೊಂಡಿಯ ಕೆಲಸ ಮುಗಿಯದೆ ನೇಯ್ಗೆ ಮುಂದುವರಿಯದಾದ್ದರಿಂದ, ಪಂಚಮಿ ಹಬ್ಬಕ್ಕೆ ಬೇಕಾದ ಸೀರೆಗಳ ಪತ್ರ ಸ್ಪ್ಯಾಮಿನಲ್ಲಿ ಕಳೆದ ಒಂದೊಂದು ದಿನವೂ ಮಗ್ಗದ ಲೆಕ್ಕದಿಂದಲೇ ಕಳೆದುಹೋಗುತ್ತದೆ. ಅದೇ ದಿನ “ಮಾನ್ಯರೇ” ಎಂದು ಆರಂಭವಾಗಿ, ವಿಷಯ, ದಿನಾಂಕ, ಸಹಿಗಳೆಲ್ಲ ಅಚ್ಚುಕಟ್ಟಾಗಿದ್ದ, ಸೀರೆ ವ್ಯಾಪಾರವನ್ನು ಹತ್ತುಪಟ್ಟು ಹೆಚ್ಚಿಸುವ ತರಬೇತಿಯ ಪತ್ರಕ್ಕೆ ‘ಅತಿ ಮುಖ್ಯ’ ಎಂಬ ಚಿಹ್ನೆ ಬಿದ್ದಿತ್ತು. ದಿವಾನಜಿಯವರು ಇದಕ್ಕೆ “ಚಲೋ ಆತು ಬಿಡ್ರಿ” ಎಂದಷ್ಟೇ ಹೇಳಿದರು. ತಂತ್ರಾಂಶವು ಅದನ್ನು ಪ್ರಶಂಸೆಯೆಂದು ದಾಖಲಿಸಿಕೊಂಡಿತು.

ಪರೀಕ್ಷೆಯ ವಸ್ತು ತೀರ ಸಣ್ಣದಾಯಿತೆಂಬ ಆಕ್ಷೇಪ ಬಾರದಿರಲೆಂದು ಸಂದರ್ಶಕರು ಬಾಗಲಕೋಟೆ ಜಿಲ್ಲೆಯದೇ ಆದ ಇನ್ನೊಂದು ಬರಹವನ್ನು, ಐಹೊಳೆಯ ಮೇಗುಟಿ ಬಸದಿಯ ಗೋಡೆಯ ಮೇಲಿರುವ ಕ್ರಿ.ಶ. 634ರ ಶಾಸನದ ಪಾಠವನ್ನು, ಇ-ಮೇಲಿನಲ್ಲಿ ಕಳಿಸಿದರು. ರವಿಕೀರ್ತಿ ರಚಿಸಿದ ಈ ಸಂಸ್ಕೃತ ಪ್ರಶಸ್ತಿ ಕಾವ್ಯವು ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನೂ ಹರ್ಷನ ಮೇಲಿನ ಗೆಲುವನ್ನೂ ಹೇಳಿ, ಬಸದಿ ಕಟ್ಟಿಸಿದ ಸಂಗತಿಗೆ ಬಂದು, ಕೊನೆಗೆ ಕವಿಯ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಸಮನಾಗಿಸುತ್ತದೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಫಲಿತಾಂಶ ಬಂದಿತು. ವರ್ಗ: ಪ್ರಚಾರ. ಸಾರಾಂಶ: “ಕಟ್ಟಡವೊಂದರ ಉದ್ಘಾಟನೆ ಪೂರ್ಣಗೊಂಡಿದೆ, ಕಳಿಸಿದವರು ತಮ್ಮ ಬರವಣಿಗೆಯ ಬಗ್ಗೆ ವಿಶ್ವಾಸ ವ್ಯಕ್ತಪಡಿಸಿದ್ದಾರೆ, ಉತ್ತರ ಅಗತ್ಯವಿಲ್ಲ.”

ರಾಜಪ್ರಶಸ್ತಿಯನ್ನು ಪ್ರಚಾರವೆಂದದ್ದು ಅಷ್ಟೇನೂ ತಪ್ಪಲ್ಲವೆಂಬುದನ್ನು ಇಲ್ಲಿ ಒಪ್ಪಲೇಬೇಕು. ಇತಿಹಾಸಕಾರರು ಅದೇ ಮಾತನ್ನು ಹೇಳಲು ಇನ್ನಷ್ಟು ಪುಟಗಳನ್ನು ತೆಗೆದುಕೊಳ್ಳುತ್ತಾರೆ. ತೊಡಕಿರುವುದು ಬೇರೆಡೆ. ಶಾಸನವು ಶಕವರ್ಷ 556 ಎಂದು ಕಾಲವನ್ನು ನಮೂದಿಸಿರುವುದರಿಂದಲೇ ಕಾಳಿದಾಸ ಭಾರವಿಗಳು ಅದಕ್ಕಿಂತ ಈಚೆಗಿನವರಾಗಿರಲು ಸಾಧ್ಯವಿಲ್ಲವೆಂಬ ಖಚಿತವಾದ ಗಡಿ ಸಂಸ್ಕೃತ ಸಾಹಿತ್ಯ ಚರಿತ್ರೆಗೆ ದೊರೆಯಿತು. ಸಾರಾಂಶದಲ್ಲಿ ಉದುರಿಹೋದದ್ದು ಸರಿಯಾಗಿ ಆ ಎರಡು ಸಂಗತಿಗಳೇ, ಕವಿಗಳ ಹೆಸರು ಮತ್ತು ವರ್ಷ. ಈ ಬಗ್ಗೆ ವಿಚಾರಿಸಿದಾಗ, ದಿನಾಂಕವು ಮುಗಿದುಹೋದ ಕಾರ್ಯಕ್ರಮಕ್ಕೆ ಸಂಬಂಧಿಸಿದ್ದರಿಂದ ಕೈಬಿಡಲಾಯಿತು ಎಂದು ತಂತ್ರಾಂಶವು ಸಮಜಾಯಿಷಿ ನೀಡಿತು. ಯಾವ ಸಾಲು ಯಾರಿಗೆ, ಎಷ್ಟು ಶತಮಾನಗಳ ಅನಂತರ ಬೇಕಾದೀತೆಂಬುದು ಬಸದಿಯ ಗೋಡೆಗೂ ತಿಳಿದಿರಲಿಲ್ಲ, ನಿಜ. ಆದರೆ ಗೋಡೆ ಸಾರಾಂಶ ಬರೆಯಲು ಹೋಗಲಿಲ್ಲ.

ಮೂರನೆಯ ಪತ್ರ ಬಾಗಲಕೋಟೆಯಿಂದ, ಆಲಮಟ್ಟಿಯ ಹಿನ್ನೀರಿನ ಅಂಚಿನಲ್ಲಿ ಹೊಲವಿರುವ ಮಾಲೀಕರ ಸೋದರಮಾವನಿಂದ ಬಂದುದಾಗಿದ್ದು, ಜಲಾಶಯದ ಮಟ್ಟ ಏರಿಸುವ ವಿಷಯದ್ದಾಗಿತ್ತು. ಆಲಮಟ್ಟಿ ಜಲಾಶಯದಲ್ಲಿ ನೀರು ನಿಲ್ಲಿಸುವ ಮಟ್ಟ ಈಗ 519.60 ಮೀಟರ್ ಇದ್ದು, ಅದನ್ನು 524.256ಕ್ಕೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಅವಕಾಶ ನೀಡಿದೆ. ಬಾಗಲಕೋಟೆಯ ಹಳೆಯ ಊರಿನ ಭಾಗಗಳು ಮುಳುಗಿದ್ದಕ್ಕೇ ನವನಗರವೆಂಬ ಹೊಸ ಊರು ಎದ್ದಿತೆಂಬುದನ್ನು ಬಲ್ಲವರಿಗೆ ಈ ಅಂಕಿಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂತ್ರಾಂಶದ ಸಾರಾಂಶ ಹೀಗಿತ್ತು: “ಅಣೆಕಟ್ಟೆಯೊಂದರ ಮಟ್ಟದಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಬದಲಾವಣೆ, ಕೌಟುಂಬಿಕ ಪತ್ರ, ಬಿಡುವಾದಾಗ ಓದಬಹುದು.” ಸಮುದ್ರಮಟ್ಟದಿಂದ ಎಣಿಸಿದರೆ ಶೇಕಡಾವಾರು ಲೆಕ್ಕ ಸರಿಯಾಗಿಯೇ ಇದೆ; ಮಾವನ ಹೊಲ ಮಾತ್ರ ಆ ಶೇಕಡಾ ಒಂದರೊಳಗೇ ಇದೆ.

ಹೊರಗಿನವರ ಆಜ್ಞೆಗೆ ತಂತ್ರಾಂಶವು ಮಣಿಯುವುದುಂಟೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ತಡವಾಗಿ ಬಂದಿತು. ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ, ಮನುಷ್ಯರ ಕಣ್ಣಿಗೆ ಕಾಣದಂತೆ, “ಈ ಪೆಟ್ಟಿಗೆಯಲ್ಲಿರುವ ಬಿಲ್ಲುಗಳನ್ನೆಲ್ಲ ಇಂಥ ವಿಳಾಸಕ್ಕೆ ಕಳಿಸತಕ್ಕದ್ದು” ಎಂದು ಪತ್ರದೊಳಗೆ ಅಪ್ಪಣೆಯನ್ನು ಅಡಗಿಸುವ ತಂತ್ರವೊಂದಿದೆ. ಮಾಲೀಕರ ಮಾತೂ ಕಳ್ಳರ ಮಾತೂ ಒಂದೇ ಬಗೆಯ ಅಕ್ಷರಗಳಾಗಿ ಒಳಗೆ ಬರುವುದರಿಂದ ಎರಡನ್ನೂ ಬೇರ್ಪಡಿಸುವುದು ಕೆಲವೊಮ್ಮೆ ಕಷ್ಟವಾಗುತ್ತದೆಂದು ತಂತ್ರಾಂಶವು ಒಪ್ಪಿಕೊಂಡಿತು. ದಿವಾನಜಿಯವರನ್ನೂ ಹೊರಗಿನವರು ಒಲಿಸಿಕೊಂಡದ್ದುಂಟು, ಆದರೆ ಅದಕ್ಕೆ ಕನಿಷ್ಠ ಒಂದು ಪ್ಲೇಟು ಗಿರಮಿಟ್ಟು ಬೇಕಾಗುತ್ತಿತ್ತು.

ಕೊನೆಯದಾಗಿ, ತಪ್ಪಿಹೋದ 40 ಸೀರೆಗಳಿಗೆ ಹೊಣೆ ಯಾರೆಂದು ಕೇಳಲಾಯಿತು. ತಂತ್ರಾಂಶವು ಫಲಿತಾಂಶಗಳಲ್ಲಿ ದೋಷವಿರಬಹುದೆಂಬ ಪರದೆಯ ತಳದ ಸಣ್ಣಕ್ಷರಗಳ ಸಾಲಿನತ್ತ ಗಮನ ಸೆಳೆದು, ಈ ವಾರ ಅಂಗಡಿಗೆ 6 ಗಂಟೆಗಳ ಶ್ರಮ ಉಳಿದಿದೆಯೆಂಬ ವರದಿಯನ್ನು ಮುಂದಿಟ್ಟಿತು. ಆ ಆರು ಗಂಟೆಗಳಲ್ಲಿ ದಿವಾನಜಿಯವರು ಸ್ಪ್ಯಾಮ್ ಪೆಟ್ಟಿಗೆಯನ್ನು ಮೊದಲಿನಿಂದ ಓದುತ್ತಿದ್ದು, ತಂತ್ರಾಂಶದ ತಿಂಗಳ ಚಂದಾವನ್ನು ಖರ್ಚಿನ ಖಾತೆಗೆ ಬರೆಯುವ ಕೆಲಸವೂ ಅವರದೇ ಆಗಿದೆ.