ಕೋಟದ ಕೋಟಿಯಣ್ಣ

2025ರ ಅಕ್ಟೋಬರ್ 2ಕ್ಕೆ ಗಾಂಧಿ ಜಯಂತಿ, ವಿಜಯದಶಮಿ ಎರಡೂ ಒಟ್ಟಿಗೆ ಬಿದ್ದಿದ್ದವು. ಅವನಿಗೆ ಎರಡೂ ಲೆಕ್ಕಕ್ಕಿರಲಿಲ್ಲ. ‘ಕಾಂತಾರ: ಚಾಪ್ಟರ್ 1’ ಬಿಡುಗಡೆಯಾದ ದಿನ ಅದು. ಬೆಳಗಿನ ಆಟ ನೋಡಿ ಬಂದು ಬಸ್ಸಿಳಿದವನ ಕಣ್ಣು ಕೆಂಪಗಾಗಿತ್ತು, ಕೂದಲು ಕೆದರಿತ್ತು. ಗಂಟಲು ಕೂತು ಹೋಗಿತ್ತು. ದೊಡ್ಡದೇನನ್ನೋ ಕಂಡು ಬಂದವನ ಹಾಗಿದ್ದ. ನಾನು ಗೌರವದಿಂದಲೇ ಕೇಳಿದೆ.

“ಪಿಚ್ಚರ್ ಹ್ಯಾಂಗಾಯ್ತಾ?”

“ಹಿಂದಿಯಗೆ ಓಪನಿಂಗ್ ಗಡ್ಜ್ ಇತ್ತ್. ತೆಲುಗು ಒಂಚೂರ್ ಕಾದ್ ಕಾಣ್ಕ್.”

“ಅದಲ್ಲ ಮಾರಾಯಾ, ಪಿಚ್ಚರ್…”

“ಓವರ್‌ಸೀಸ್ ನಂಬರ್ ನಾಳೆ ಬೆಳಿಗ್ಗೆ ಬತ್ತ್.”

ಮೂರು ಸಲ ಕೇಳಿದೆ, ಮೂರು ರಾಜ್ಯಗಳ ವರದಿ ಸಿಕ್ಕಿತು. ಅದು ಕದಂಬರ ಕಾಲದ ಕತೆ ಎಂದು ನನಗೆ ತಿಳಿದದ್ದು ಮರುವಾರ ನಾನೇ ಹೋಗಿ ಕುಳಿತಾಗ.

ಇವನೇ ಕೋಟಿಯಣ್ಣ. ಮನೆಯವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಊರು ಕೋಟ, ಕೆಲಸ ಕೋಟಿಲಿಂಗೇಶ್ವರನ ಕೋಟೇಶ್ವರದಲ್ಲಿ, ಬಾಯಿ ತೆರೆದರೆ ಕೋಟಿ. ಊರವರಾದರೂ ಇನ್ಯಾವ ಹೆಸರಿಡಬೇಕಿತ್ತು? ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಬರೆಯುತ್ತಾನೆ. ಕಾಲು ಕಿಲೋ ಮೊಳೆ, ನಾಲ್ಕು ಪೈಪು, ಒಂದು ಡಬ್ಬ ಪೈಂಟು ಕೂಡಿಸಲು ಅವನಿಗೆ ಕ್ಯಾಲ್ಕುಲೇಟರ್ ಬೇಕು. ಕೋಟಿಗೆ ಮಾತ್ರ ಬೇಡ.

ಇವನು ಒಬ್ಬನೇ ಎಂದು ತಿಳಿಯಬೇಡಿ. 2018ರಲ್ಲಿ ಕುಂದಾಪುರದಿಂದ ಬೈಂದೂರನ್ನೂ ಉಡುಪಿಯಿಂದ ಬ್ರಹ್ಮಾವರವನ್ನೂ ಒಡೆದು ಬೇರೆ ಬೇರೆ ತಾಲೂಕು ಮಾಡಿದರು. ಕಚೇರಿಗಳು ಇನ್ನೂ ಪೂರ್ತಿ ಬಂದವೋ ಇಲ್ಲವೋ, ತಾಲೂಕಿಗೆ ಹತ್ತಾರು ಕೋಟಿಯಣ್ಣಂದಿರು ಮಾತ್ರ ಆಗಲೇ ಹಾಜರಿದ್ದರು. ಚಾದ ಅಂಗಡಿ, ಸೆಲೂನು, ಶಾಸ್ತ್ರಿ ಸರ್ಕಲ್ಲಿನ ಫ್ಲೈಓವರಿನ ನೆರಳು, ಗಂಗೊಳ್ಳಿಯ ದಕ್ಕೆ, ಎಲ್ಲಿ ನಾಲ್ಕು ಜನ ನಿಂತರೂ ಐದನೆಯವನು ಇವನೇ.

ಅವನ ಹೆಮ್ಮೆಗೆ ಕಾರಣ ಇಲ್ಲವೆನ್ನುವಂತಿಲ್ಲ. ರಿಷಬ್ ಶೆಟ್ಟಿ ಕೆರಾಡಿಯವರು. ರವಿ ಬಸ್ರೂರರ ಊರು ಹೆಸರಲ್ಲೇ ಇದೆ. ಕಾಶಿನಾಥ್, ಉಪೇಂದ್ರ ಇಬ್ಬರ ಬೇರೂ ಕುಂದಾಪುರದ ಕಡೆಯದೇ. ಇಷ್ಟಕ್ಕೆ ನಿಲ್ಲಿಸಿದರೆ ನಾನೂ ಕೈಕಟ್ಟಿ ಒಪ್ಪುತ್ತೇನೆ. ಆದರೆ ಕೋಟಿಯಣ್ಣ ಪಾಲುಪಟ್ಟಿ ಮಾಡುತ್ತಾನೆ. ‘ಕೆಜಿಎಫ್: ಚಾಪ್ಟರ್ 2’ ಸಾವಿರದಿನ್ನೂರು ಕೋಟಿ ದಾಟಿತಷ್ಟೆ? ಆ ಚಿತ್ರದಲ್ಲಿ ಮಾತಿಗಿಂತ ಹಿನ್ನೆಲೆ ಸಂಗೀತ ಹೆಚ್ಚು. ಸಂಗೀತ ಬಸ್ರೂರಿನದು. ಆದ್ದರಿಂದ ಆರುನೂರು ಕೋಟಿ ಕುಂದಾಪುರ ತಾಲೂಕಿನ ಲೆಕ್ಕಕ್ಕೆ. ಕೋಲಾರದವರಿಗೆ ಏನೂ ಇಲ್ಲವೇ ಎಂದರೆ, “ಅವ್ರದ್ದ್ ಬರೀ ಮಣ್ಣ್” ಅನ್ನುತ್ತಾನೆ.

ಕೋಟದವನಾದ್ದರಿಂದ ಕಾರಂತರನ್ನಾದರೂ ಬಿಟ್ಟಾನೆ ಎಂದುಕೊಂಡಿದ್ದೆ. ಶಿವರಾಮ ಕಾರಂತರು ಮೂಕಿ ಚಿತ್ರಗಳ ಕಾಲದಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಚಿತ್ರ ತೆಗೆದಿದ್ದರು ಕಣೋ, ನಿಮ್ಮ ದೈವದ ಪಿಚ್ಚರಿಗೆ ತೊಂಬತ್ತು ವರ್ಷ ಮೊದಲೇ ಕೋಟದಿಂದ ಒಬ್ಬರು ಭೂತದ ಹೆಸರಿನ ಪಿಚ್ಚರ್ ಮಾಡಿದ್ದರು ಎಂದೆ. ಅವನ ಕಣ್ಣು ಅರಳಿತು. ಒಂದು ಕ್ಷಣ ಸಾಹಿತ್ಯಾಭಿಮಾನ ಹುಟ್ಟಿತೆಂದು ನನಗೂ ಸಂತೋಷವಾಯಿತು.

“ಹೌದಾ! ಅದ್ರದ್ದ್ ಫಸ್ಟ್ ಡೇ ಎಷ್ಟ್?”

ಅವನ ವ್ಯಾಕರಣದಲ್ಲಿ ಹೊಂಬಾಳೆ ಫಿಲಂಸ್ ಎಂದರೆ ಉತ್ತಮಪುರುಷ ಬಹುವಚನ. “2022ರಗೆ ನಾವ್ ಒಂದ್ ತಪ್ಪ್ ಮಾಡ್ದ್” ಎಂದು ಶುರುಮಾಡುತ್ತಾನೆ. ಯಾರು ನಾವು? ಮೊದಲ ‘ಕಾಂತಾರ’ವನ್ನು ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಮಾತ್ರ ಬಿಟ್ಟು, ಹಿಂದಿಗೆ ಅಕ್ಟೋಬರ್ 14ರ ತನಕ ಕಾದದ್ದು ತಪ್ಪಂತೆ. ಕನ್ನಡದಲ್ಲಿ ಗೆದ್ದ ಸುದ್ದಿ ಹಬ್ಬಿದ್ದರಿಂದಲೇ ಹಿಂದಿಯವರು ನೋಡಿದರಲ್ಲ ಎಂದರೆ, ಮರುದಿನ ಅದೇ ಮಾತನ್ನು ತನ್ನ ತಂತ್ರವೆಂಬಂತೆ ಬೇರೆಯವರಿಗೆ ಹೇಳುತ್ತಿರುತ್ತಾನೆ. ಚಾಪ್ಟರ್ 1 ನಾಲ್ಕೇ ವಾರಕ್ಕೆ, ಅಕ್ಟೋಬರ್ 31ಕ್ಕೆ, ಪ್ರೈಮ್‌ಗೆ ಹೋದಾಗ ಎರಡು ದಿನ ಊಟ ಸೇರಲಿಲ್ಲ. “ನಂಗೊಂದ್ ಮಾತ್ ಕೇಣ್ಲಿಲ್ಲ ಕಾಣಿ” ಎಂದು ಕೊರಗಿದ. ಕೊರಗುತ್ತ ಕೊರಗುತ್ತಲೇ ಮೊಬೈಲಿನಲ್ಲಿ ಇನ್ನೆರಡು ಸಲ ನೋಡಿದ.

ಟಿಕೆಟ್ ದರದ ವಿಷಯದಲ್ಲಂತೂ ಅವನೊಳಗೇ ಎರಡು ಪಕ್ಷ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳ 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಕೌಂಟರಿನ ಮುಂದೆ ನಿಂತಾಗ ಕೋಟಿಯಣ್ಣ ಬಡವರ ಪರ, ಸರ್ಕಾರದ ಪರ. ರಾತ್ರಿ ಕಲೆಕ್ಷನ್ ಕೂಡಿಸಲು ಕೂತಾಗ ಕೋರ್ಟಿನ ಪರ.

ಅವನಿಗೆ ತಕ್ಕ ಶಾಸ್ತಿ ಮಾಡಿದವರು ಇಬ್ಬರೇ. ಒಬ್ಬರು ಅವನ ಅಮ್ಮಮ್ಮ. ಮೊದಲ ‘ಕಾಂತಾರ’ಕ್ಕೆ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದ. ಚಾಪ್ಟರ್ 1 ಬಂದಾಗ ಮತ್ತೆ ಹೊರಡಿಸಿದ. ಚಪ್ಪಲಿ ಮೆಟ್ಟುವ ಮೊದಲು ಅಮ್ಮಮ್ಮ ಜಗಲಿಯಲ್ಲೇ ನಿಂತರು.

“ಇದ್ ಎಷ್ಟ್ನೇದ್?”

“ಒಂದ್ನೇದ್ ಅಮ್ಮಮ್ಮ.”

“ಹಾಂಗಾರ್ ಅವತ್ತ್ ಕಂಡದ್?”

“ಅದ್ ಈ ಕತಿ ಆದ್ಮೇಲಿಂದ್. ಲೆಕ್ಕದಗೆ ಎರಡ್ನೇದ್.”

“ಒಂದ್ನೇದ್ ತೋರ್ಸದೇ ಎರಡ್ನೇದ್ ತೋರ್ಸಿದ್ಯಾ? ಅವತ್ತ್ ಕೊಟ್ಟ ದುಡ್ಡ್ ವಾಪಸ್ ತಕಂಡ್ಯಾ?”

ಪ್ರೀಕ್ವೆಲ್ ಎಂಬ ಶಬ್ದವನ್ನು ಅವನು ಆ ಜಗಲಿಯಲ್ಲಿ ಅರ್ಧ ಗಂಟೆ ಬಿಡಿಸಿ ಹೇಳಿದ. ಕೊನೆಗೆ ಅಮ್ಮಮ್ಮನೇ ಬಗೆಹರಿಸಿದರು: ಮೊದಲು ಭಾರತ ಓದಿ ಆಮೇಲೆ ಆದಿಪರ್ವ ತೆಗೆದ ಹಾಗೆ. ಚಿತ್ರ ಮುಗಿದ ಮೇಲೆ ಅವರ ತೀರ್ಪು ಒಂದೇ ಶಬ್ದ, “ಅಡ್ಡಿಲ್ಲ.” ಕುಂದಾಪುರದವರು ಬಲ್ಲರು, ನಮ್ಮ ಕಡೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ರಿಷಬ್‌ಗೆ ಮೊದಲ ‘ಕಾಂತಾರ’ಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗಲೂ ಅಮ್ಮಮ್ಮ ಹೇಳಿದ್ದು ಅಷ್ಟೇ.

ಇನ್ನೊಬ್ಬರು ಗಂಗೊಳ್ಳಿಯ ಮಾವ. ಬೋಟಿನ ವ್ಯವಹಾರದವರು. ಜೂನ್, ಜುಲೈ ಎರಡು ತಿಂಗಳು ಟ್ರಾಲಿಂಗ್ ನಿಷೇಧ, ಬೋಟುಗಳು ದಕ್ಕೆಯಲ್ಲಿ ಕಟ್ಟಿಬಿದ್ದಿರುತ್ತವೆ. ಅಂಥ ಒಂದು ಮಳೆಗಾಲದ ಮಧ್ಯಾಹ್ನ ಕೋಟಿಯಣ್ಣ ಅವರಿಗೆ ಬಾಕ್ಸ್ ಆಫೀಸ್ ಕಲಿಸಲು ಹೋದ. ಮಾವ ಗೋಳಿಬಜೆ ಮುರಿಯುತ್ತ ಕೇಳಿದರು.

“ಬಾಕ್ಸ್ ಅಂದ್ರೆ ಐಸ್ ಹಾಕಿ ಮೀನ್ ತುಂಬ್ಸುದಲ್ದಾ?”

ಅಲ್ಲ ಎಂದ. ಗ್ರಾಸ್ ಎಂದರೆ ಜನ ಕೊಟ್ಟ ಅಷ್ಟೂ ದುಡ್ಡು. ನೂರು ರೂಪಾಯಿ ಮೀರಿದ ಟಿಕೆಟ್ಟಾದರೆ ನೂರಕ್ಕೆ 18ರ ಜಿಎಸ್‌ಟಿ ಕಳೆಯಬೇಕು, ಆಗ ಉಳಿಯುವುದು ನೆಟ್.

“ನೆಟ್ ಅಂದ್ರೆ ಬಲಿ.”

“ಆ ಬಲಿ ಅಲ್ಲ ಮಾವ.” ನೆಟ್ಟಿನಿಂದ ಥಿಯೇಟರಿನವರ ಪಾಲು ತೆಗೆದ ಮೇಲೆ ಹಂಚಿಕೆದಾರನಿಗೆ ಬರುವುದು ಶೇರ್. ಅದರಲ್ಲಿ ಅವನ ಕಮಿಷನ್ ಹೋಗಿ ಮಿಕ್ಕಿದ್ದು ನಿರ್ಮಾಪಕನಿಗೆ. ಆದ್ದರಿಂದ ಪೋಸ್ಟರಿನ ಮೇಲೆ ನೂರು ಕೋಟಿ ಎಂದು ಬರೆದರೆ ಮನೆಗೆ ನೂರು ಕೋಟಿ ಬಂತೆಂದಲ್ಲ. ಇದನ್ನು ನನಗೆ ಆರು ತಿಂಗಳು ಹೇಳಿದರೂ ಅರ್ಥವಾಗಿರಲಿಲ್ಲ. ಮಾವ ಗೋಳಿಬಜೆ ನುಂಗುವಷ್ಟರಲ್ಲಿ ತಿಳಿದುಕೊಂಡರು.

“ಹಾಂಗಾರ್ ನಮ್ ಬೋಟಿನ್ ಲೆಕ್ಕವೇ ಅಲ್ದಾ? ಏಲಂ ಆದದ್ದೆಲ್ಲ ನಂದಲ್ಲ. ಡೀಸೆಲ್ ತೆಗಿ, ಐಸ್ ತೆಗಿ, ಕಮಿಷನ್ ತೆಗಿ, ಹುಡ್ಗರ ಪಾಲ್ ತೆಗಿ. ಆಮೇಲೆ ಬೋಟಿನ್ ಸಾಲದ ಕಂತ್. ಅಲ್ಲ ಮಾಣಿ, ಇದ್ರಗೆ ನಿಂಗೆಷ್ಟ್ ಪಾಲ್?”

ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕೋಟಿಯಣ್ಣ ಮಳೆ ನೋಡುತ್ತ ಕುಳಿತ.

ಎದುರಾಳಿಗಳಿಲ್ಲದೆ ಅಭಿಮಾನಕ್ಕೆ ರುಚಿ ಇಲ್ಲ. ಬೈಂದೂರಿನಿಂದ ಬರುವ ಸ್ನೇಹಿತ ರಾಜಮೌಳಿಯ ಪಕ್ಷ. ಯಾವ ಸಂಖ್ಯೆ ಹೇಳಿದರೂ ‘ಬಾಹುಬಲಿ 2’ ಎಂಬ ಬಂಡೆ ಉರುಳಿಸುತ್ತಾನೆ. ಬ್ರಹ್ಮಾವರದವನು ರಕ್ಷಿತ್ ಶೆಟ್ಟಿಯ ಪಕ್ಷ. 2021ರಲ್ಲಿ ಘೋಷಿಸಿದ ‘ರಿಚರ್ಡ್ ಆ್ಯಂಟನಿ’ಗಾಗಿ ಶಬರಿಯಂತೆ ಕಾಯುತ್ತಿದ್ದಾನೆ. “2014ರ ‘ಉಳಿದವರು ಕಂಡಂತೆ’ಗೆ ಕಲೆಕ್ಷನ್ ಆಗ್ಲಿಲ್ಲ, ಆದ್ರೂ ಜನ ಇವತ್ತಿಗೂ ಕಾಣ್ತ್ರ್” ಎಂಬುದು ಅವನ ವಾದ. ಕಲೆಕ್ಷನ್ ಆಗದೆಯೂ ಒಂದು ಸಿನೆಮಾ ಬದುಕಿರುತ್ತದೆ ಎನ್ನುವುದು ಕೋಟಿಯಣ್ಣನ ಧರ್ಮಕ್ಕೆ ನೇರ ನಿಂದನೆ. ಒಮ್ಮೆ ಈ ಮೂವರ ನಡುವೆ ಘೀ ರೋಸ್ಟಿನ ಪಂಥವೂ ನಡೆಯಿತು. 2025ರ ಜುಲೈ 25ಕ್ಕೆ ‘ಸು ಫ್ರಮ್ ಸೋ’ ಬಂತಲ್ಲ, ಆಸಾಡಿ ಅಮಾಸಿಯ ಮರುದಿನ. “ಈ ಮಳಿಗಾಲದಗೆ, ಸ್ಟಾರ್ ಇಲ್ಲದ್ ಪಿಚ್ಚರಿಗ್ ಯಾರ್ ಹೋತ್ರ್? ಮೂರೇ ದಿನ” ಎಂದು ಕೋಟಿಯಣ್ಣ ಬರೆದುಕೊಟ್ಟಿದ್ದ. ಎರಡನೆಯ ವಾರ ಅವನ ಸ್ವಂತ ಅಪ್ಪಯ್ಯನಿಗೇ ಟಿಕೆಟ್ ಸಿಗಲಿಲ್ಲ. ಚಿತ್ರ ನೂರು ಕೋಟಿ ದಾಟಿದಾಗ, “ನಾ ಹೇಳದ್ ಮೂರ್ ದಿನ ಅಲ್ಲ, ಮೂರ್ ದಿನದ್ಮೇಲೆ” ಎಂದ. ಘೀ ರೋಸ್ಟಿನ ಬಾಕಿ ಹಾಗೇ ಇದೆ.

ಇದೆಲ್ಲ ಮೊಬೈಲು ಬಂದಮೇಲಿನ ಹುಚ್ಚು ಎನ್ನುವ ಹಿರಿಯರಿದ್ದಾರೆ. ಅವರಿಗೆ ಮರೆವು. ನಮ್ಮ ಕಡೆಯಲ್ಲಿ ಈ ಕಾಯಿಲೆ ಯಕ್ಷಗಾನದ್ದು, ಡೇರೆ ಮೇಳಗಳ ಕಾಲದ್ದು. ಕೋಟಿಯಣ್ಣನ ಅಜ್ಜಯ್ಯ ಸಾಲಿಗ್ರಾಮ ಮೇಳದ ಕಟ್ಟಾಳು. ಗುಂಡ್ಮಿ ಕಾಳಿಂಗ ನಾವಡರ ಪದ್ಯ ಎಂದರೆ ಎದೆ ತಟ್ಟಿಕೊಳ್ಳುತ್ತಿದ್ದರು. ನಾವಡರ ‘ನಾಗಶ್ರೀ’ ಗೆದ್ದದ್ದೇ ಗೆದ್ದದ್ದು, ಶ್ರೀ ಎಂದು ಮುಗಿಯುವ ಪ್ರಸಂಗಗಳು ಸಾಲುಗಟ್ಟಿದವು. ಇವತ್ತಿನ ಚಾಪ್ಟರುಗಳಿಗೆ ಅದು ಮುತ್ತಜ್ಜ. ಅಜ್ಜಯ್ಯ ಡೇರೆಯ ಹೊರಗೆ ನಿಂತ ಬಸ್ಸು, ಲಾರಿ ಎಣಿಸಿ ಒಳಗಿನ ದುಡ್ಡು ಹೇಳುತ್ತಿದ್ದರು. ಜೋಡಾಟವೆಂದರಂತೂ ಮುಗಿಯಿತು: ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ರಾತ್ರಿ, ಯಾರ ಕಡೆ ಜನ ಹೆಚ್ಚು ಎಂದು ಬೆಳಗಿನ ತನಕ ಲೆಕ್ಕ. ಒಂದೇ ದಿನ ಎರಡು ದೊಡ್ಡ ಚಿತ್ರ ಬಂದರೆ ‘ಕ್ಲಾಶ್’ ಎಂದು ಬೆವರುವ ನಿರ್ಮಾಪಕರು ನಮ್ಮ ಜೋಡಾಟದ ಯಜಮಾನರಿಂದ ಕಲಿಯುವುದಿದೆ. ಅವರು ಕ್ಲಾಶಿಗೇ ಕರಪತ್ರ ಹಂಚುತ್ತಿದ್ದರು. 1990ರಲ್ಲಿ ನಾವಡರು ಅಪಘಾತದಲ್ಲಿ ಹೋದ ಮೇಲೆ ಅಜ್ಜಯ್ಯ ಬಸ್ಸು ಎಣಿಸುವುದನ್ನು ಬಿಟ್ಟರಂತೆ.

ಆ ಅಜ್ಜಯ್ಯ ಹೇಳಿಕೊಂಡಿದ್ದ ಒಂದು ಹರಕೆಯಾಟ ಬಾಕಿ ಇತ್ತು, ಮಂದಾರ್ತಿ ಮೇಳದ್ದು. ಐದು ಮೇಳ ತಿರುಗಾಟಕ್ಕೆ ಹೊರಟರೂ ಅಲ್ಲಿ ಹರಕೆಯಾಟ ವರ್ಷಗಟ್ಟಲೆ ಮುಂದಕ್ಕೆ ಬುಕ್ ಆಗಿರುತ್ತದೆ. ಇವರ ಮನೆಯವರು ಬರೆಸಿದ್ದು ಕೋಟಿಯಣ್ಣ ಹೈಸ್ಕೂಲಿನಲ್ಲಿದ್ದಾಗ, ಪಾಳಿ ಬಂದದ್ದು ಅವನಿಗೆ ಮುಂದಲೆ ಬೋಳಾಗತೊಡಗಿದಾಗ. ಎರಡು ವಾರ ಮೊದಲು ಟಿಕೆಟ್ ತೆರೆದರೆ ‘ಅಡ್ವಾನ್ಸ್ ಬುಕಿಂಗ್’ ಎಂದು ಹಾರಾಡುವವನಿಗೆ ನಾನು ಇದನ್ನು ನೆನಪಿಸಬೇಕಾಯಿತು.

ಆಟದ ರಾತ್ರಿ ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ. ಒಂಬತ್ತಕ್ಕೆಲ್ಲ ಊಟದ ಪಂಕ್ತಿ ನಾಲ್ಕಾಗಿತ್ತು. ಮಣೂರು, ಪಡುಕರೆ, ಸಾಲಿಗ್ರಾಮ, ಸಾಯ್ಬ್ರಕಟ್ಟೆ ಕಡೆಯಿಂದೆಲ್ಲ ಜನ. ಚಂಡೆ ಏರಿದಾಗ ಕೋಟಿಯಣ್ಣ ಗದ್ದೆಯ ಅಂಚಿನ ಮೇಲೆ ನಿಂತು ತಲೆ ಎಣಿಸುತ್ತಿದ್ದುದನ್ನು ಕಂಡೆ, ಅಜ್ಜಯ್ಯನ ರಕ್ತ. ಎಣಿಸಿ ಬಂದು ನನ್ನ ಪಕ್ಕ ಕೂತ. ಮುಖ ಗೊಂದಲದಲ್ಲಿತ್ತು.

“ಹೌಸ್‌ಫುಲ್ ಹೌದ್. ಗ್ರಾಸ್ ಎಂತ ಹಾಕುದ್? ಟಿಕೆಟೇ ಇಲ್ಲೆ ಅಲ್ದಾ!”

ಬಯಲಾಟಕ್ಕೆ ಗ್ರಾಸ್ ಇಲ್ಲ, ಬರೀ ಬಜೆಟ್ ಎಂದೆ. ಮೇಳಕ್ಕೆ ಕಟ್ಟಬೇಕಾದದ್ದು, ನಾಲ್ಕು ಪಂಕ್ತಿಯ ಊಟ, ಶಾಮಿಯಾನ, ಲೈಟು, ಕುರ್ಚಿ. ಅವನು ತಲೆಯಾಡಿಸಿದ. ಬೆಳಗಿನ ಜಾವ ಮಂಗಳ ಹಾಡಿ, ಪ್ರಸಾದ ತೆಗೆದುಕೊಂಡು ಹೊರಡುವಾಗ, ಹೊಂಬಾಳೆಯವರ ಖರ್ಚನ್ನು ಪೈಸೆ ಬಿಡದೆ ಹೇಳುವವನಲ್ಲವೇ ಎಂದು ಸುಮ್ಮನೆ ಕೇಳಿದೆ.

“ಒಟ್ಟ್ ಎಷ್ಟಾಯ್ತಾ ಖರ್ಚ್?”

“ಅದ್ ನಂಗೊತ್ತಿಲ್ಲೆ. ಅಪ್ಪಯ್ಯ ಕಂಡದ್,” ಅಂದ.